ಬ್ರೇಕಿನ ಬಾಬತ್ತು

ಕಿಲೀನ್, ಟೆಕ್ಸಸ್. ಸೈನ್ಯದ ಬೇಲಿಯಿಂದ ಎರಡು ಮೈಲಿ.
ಗಿರವಿ ಅಂಗಡಿ, ಹಚ್ಚೆ ಅಂಗಡಿ, ಆಮೇಲೆ ನಮ್ಮ ಗ್ಯಾರೇಜು.
ಹದಿನಾಲ್ಕು ವರ್ಷದಿಂದ ಇಲ್ಲಿ ಲೆಕ್ಕ ಬರೆಯುವವಳು ನಾನು.
ಎಣ್ಣೆ ಇಷ್ಟು, ಟೈರು ಇಷ್ಟು, ಕೂಲಿ ಇಷ್ಟು.
ಒಂದು ಸೆಂಟು ಹೊಂದದಿದ್ದರೂ ರಾತ್ರಿ ನಿದ್ದೆ ಹತ್ತುವುದಿಲ್ಲ.

ಮಾರ್ಚಿನಲ್ಲಿ ಕಣ್ಣಿಗೆ ಬಿತ್ತು:
ಗೋದಾಮಿನಿಂದ ಹೋದ ಬ್ರೇಕ್ ಪ್ಯಾಡು ಆರು ಜೊತೆ,
ಬಿಲ್ಲಾದದ್ದು ಎರಡು.
ಏಪ್ರಿಲಿನಲ್ಲಿ ಒಂಬತ್ತು. ಬಿಲ್ಲು ಮೂರು.
ಕಳ್ಳತನ ಅಂದುಕೊಂಡೆ. ಕಳ್ಳತನವಾದರೆ ಸುಲಭ,
ಅದಕ್ಕೊಂದು ಕಾಲಮ್ಮು ಇದೆ.

ಕೆಲಸದ ಚೀಟಿಗಳನ್ನು ಹರಡಿಕೊಂಡು ಕೂತೆ.
ಎಲ್ಲದರ ಕೊನೆಗೂ ಒಂದೇ ಕೈಬರಹ, ಕ್ಲಿಂಟ್ ಬ್ರಶೀರನದು.
ವೈಪರ್ ಬದಲಿಸಲು ಬಂದ ಟೊಯೊಟಾ: "ಬ್ರೇಕ್ ನೋಡಿದೆ."
ಹಾರ್ನ್ ಕೆಟ್ಟ ಫೋರ್ಡು: "ಬ್ರೇಕ್ ನೋಡಿದೆ, ಹಾಕಿದೆ."
ರೇಡಿಯೋ ಮೂಕಾದ ಯಾವುದೋ ಮುದುಕಿಯ ಬ್ಯೂಕ್:
"ಬ್ರೇಕ್."

ಕರೆದು ಕೇಳಿದೆ. ಕೈ ಒರೆಸಿಕೊಳ್ಳುತ್ತಲೇ ಇದ್ದ,
ಬಟ್ಟೆ ಕೈಗಿಂತ ಕೊಳಕಾಗಿತ್ತು.
"ಸಂಬಳದಲ್ಲಿ ಹಿಡಿದುಕೊಳ್ಳಿ, ಮಿಸೆಸ್ ಓಡಮ್."
ಅದು ಬೇರೆ ಮಾತು. ಯಾಕೆ ಅಂತ ಹೇಳು.

ಒಮ್ಮೆಗೇ ಹೇಳಲಿಲ್ಲ.
ಸ್ವಲ್ಪ ಜೂನಿನಲ್ಲಿ,
ಸ್ವಲ್ಪ ಆಲಿಕಲ್ಲು ಬಿದ್ದ ದಿನ ಷಟರಿನ ಕೆಳಗೆ ನಿಂತು.
ಉಳಿದದ್ದನ್ನು ನಾನೇ ಕೂಡಿಸಿಕೊಂಡೆ.

ಆಗ ಅವನಿಗೆ ಇಪ್ಪತ್ತೊಂದು. ಇರಾಕಿನ ಒಂದು ರಸ್ತೆ,
ಅದಕ್ಕೆ ಹೆಸರಿತ್ತು, ಇವರು ನಂಬರು ಹಾಕಿದ್ದರು.
ಮುಳ್ಳುತಂತಿಯ ಸುರುಳಿ, ನಾಲ್ಕು ಕಿತ್ತಳೆ ಬಣ್ಣದ ಶಂಕು,
ಒಂದು ಬೋರ್ಡು. ಬರಹ ನೆಟ್ಟಗಿದೆಯೋ ತಲೆಕೆಳಗೋ
ಹೇಳಬಲ್ಲವರು ಈಚೆ ಒಬ್ಬರೂ ಇರಲಿಲ್ಲ.
ಮುಸ್ಸಂಜೆ. ಬಿಳಿ ಕಾರು.
ಇವನು ಕೈ ಎತ್ತಿದ, ಅಂಗೈ ತೋರಿಸಿ: ನಿಲ್ಲು.
ಕಾರಿನೊಳಗಿಂದಲೂ ಒಂದು ಕೈ ಎದ್ದಿತು, ಅಂಗೈ ತೋರಿಸಿ.
ಸಲಾಮೋ, ತಡಿ ಎಂದೋ,
ಈಗ ಯಾರು ಹೇಳಬೇಕು.

ಎಚ್ಚರಿಕೆಗೆ ಒಂದು. ಇಂಜಿನ್ನಿಗೆ ಒಂದು.
ಆಮೇಲಿನದನ್ನು ಅವನು ಎಣಿಸಲಿಲ್ಲ.
ಲೆಕ್ಕದವಳು ನಾನು, ನಾನೂ ಕೇಳಲಿಲ್ಲ.

ತಂತಿಗೆ ಮೂಗು ತಾಗಿಸಿ ಕಾರು ನಿಂತಿತು.
ಡಿಕ್ಕಿಯಲ್ಲಿ ಬಾಂಬು ಹುಡುಕಿದರು.
ಸಿಕ್ಕಿದ್ದು ಒಂದು ಚೀಲ ಈರುಳ್ಳಿ,
ಕಂಬಳಿ ಸುತ್ತಿದ ಒಂದು ಹೊಲಿಗೆ ಯಂತ್ರ.
ಹಿಂದಿನ ಸೀಟಿನಲ್ಲಿ ಇದ್ದವರನ್ನು
ಅವನು ಕೈಯಿಂದ ತೋರಿಸಿದ: ನೆಲದಿಂದ ಇಷ್ಟೆತ್ತರ,
ಇನ್ನೊಂದು, ಇಷ್ಟೆತ್ತರ.

ತನಿಖೆಯಾಯಿತು. ಎಲ್ಲವೂ ನಿಯಮದ ಪ್ರಕಾರ ಎಂದು ಬರೆದರು.
ಯಾರೋ ಕಚೇರಿಯವನು ಬಂದು ನೋಟಿನ ಕಟ್ಟು ಎಣಿಸಿ ಕೊಟ್ಟು
ಒಬ್ಬ ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡ.
ತಲೆಗೆ ಇಷ್ಟು, ಕಾರಿಗೆ ಇಷ್ಟು.
ಈರುಳ್ಳಿಯ ಬಾಬತ್ತು ಬಿಟ್ಟುಹೋಗಿತ್ತಂತೆ.

ಅದಕ್ಕೂ ಮೊದಲು, ಕಾರನ್ನು ಪಕ್ಕಕ್ಕೆ ಎಳೆದ ಬೆಳಿಗ್ಗೆ,
ಅಪ್ಪನ ಜೊತೆ ಟ್ರ್ಯಾಕ್ಟರು ಬಿಚ್ಚಿ ಜೋಡಿಸಿ ಬೆಳೆದ ಹುಡುಗ
ಚಕ್ರದೊಳಗೆ ಕೈ ಹಾಕಿ ನೋಡಿದ.
"ಕಬ್ಬಿಣಕ್ಕೆ ಕಬ್ಬಿಣ, ಮಿಸೆಸ್ ಓಡಮ್.
ಕಾಗದದಷ್ಟೂ ಉಳಿದಿರಲಿಲ್ಲ.
ಅವನು ತುಳಿದಿದ್ದಾನೆ. ಪೂರ್ತಿ ತುಳಿದಿದ್ದಾನೆ."

ವರದಿಯಲ್ಲಿ ಇದನ್ನು ಹೇಳಿದೆಯಾ?
ಆ ಫಾರಮ್ಮಿನಲ್ಲಿ ಬ್ರೇಕಿಗೆ ಜಾಗ ಇರಲಿಲ್ಲ ಅಂದ.
ಹೊರಗೆ ಆಲಿಕಲ್ಲು ನಿಂತಿತ್ತು.
ಒಂದು ವ್ಯಾನು ಬಂತು, ಬಾಗಿಲು ಕಿರುಗುಟ್ಟುತ್ತದಂತೆ.
ಅವನು ನೇರ ಚಕ್ರದ ಹತ್ತಿರ ಹೋಗಿ ಮಂಡಿಯೂರಿದ.

ಅರ್ಧ ಹಣ ಅವನ ಸಂಬಳದಲ್ಲಿ ಹಿಡಿಯುತ್ತೇನೆ,
ಹಿಡಿಯದಿದ್ದರೆ ಅವನು ಒಪ್ಪುವುದಿಲ್ಲ.
ಉಳಿದರ್ಧ: ನಟ್ಟು, ಬೋಲ್ಟು, ಇತರೆ.
ಹದಿನಾಲ್ಕು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು,
ದುಂಡಗಿನ ಅಕ್ಷರದಲ್ಲಿ.
ಯಜಮಾನ ಇನ್ನೂ ಕೇಳಿಲ್ಲ.

ನಿನ್ನೆ ಶಾಲೆಯ ಮುಂದೆ
ಮಕ್ಕಳನ್ನು ದಾಟಿಸುವ ಹಳದಿ ಕೋಟಿನ ಹೆಂಗಸು
ನನ್ನತ್ತ ಅಂಗೈ ಎತ್ತಿದಳು.
ದಿನದ ರೂಢಿ, ನಾನೂ ಎತ್ತಿದೆ,
ಚೆನ್ನಾಗಿದ್ದೀಯಾ ಎನ್ನುವಂತೆ.

ಆಮೇಲೆ ಬ್ರೇಕು ತುಳಿದೆ.
ಕಾರು ನಿಂತಿತು.